ನಮ್ಮನೆ ವಾಸನೆ

ಅಪ್ಪಾ,

ಮದುವೆಯಾದ ಮೊದಲ ಆಷಾಢ ಅಂತ ಮೊನ್ನೆ ರಾಜಾಜಿನಗರದಿಂದ ನಾಯಂಡಹಳ್ಳಿಗೆ ಬಂದೆ. ಹೊಸ್ತಿಲು ದಾಟಿದ್ದೇ ತಡ, ಗಂಧದ ಪುಡಿ, ಸಾಂಬ್ರಾಣಿ, ಇದ್ದಿಲು ಎಲ್ಲಾ ಒಟ್ಟಿಗೆ ಮೂಗಿಗೆ ಬಡೀತು. "ಇದೇನಮ್ಮಾ ಇಷ್ಟು ವಾಸನೆ!" ಅಂದೆ. ಊದುಬತ್ತಿ ಹೊಸೀತಾ ಕೂತಿದ್ದ ಅಮ್ಮ ಬಿದ್ದು ಬಿದ್ದು ನಕ್ಕಳು. "ನೀನು ಹುಟ್ಟಿದಾಗಿಂದ ಇದೇ ವಾಸನೆ ಕಣೇ. ಮೂಗಿಗೆ ರೂಢಿಯಾಗಿತ್ತು. ಮೂರು ತಿಂಗಳು ಆಚೆ ಇದ್ದು ಬಂದೆಯಲ್ಲ, ಈಗ ಗೊತ್ತಾಯ್ತು."

ಸ್ಕೂಲಲ್ಲಿ ಜಯದೇವಿ "ನೀನೂ ನಿಮ್ಮಪ್ಪನೂ ಊದುಬತ್ತಿ ವಾಸನೆ" ಅಂದಾಗ, ಸುಳ್ಳು ಹೇಳ್ತೀಯಾ ಅಂತ ಅವಳ ಜಡೆ ಹಿಡಿದು ಎಳೆದಿದ್ದೆನಲ್ಲ? ಪಾಪ, ನಿಜಾನೇ ಹೇಳಿದ್ದಳು! ಅವತ್ತೇ ನಿನಗೆ ಸ್ಕೂಲ್ ಗೇಟ್ ಹತ್ರ ಬರಬೇಡ ಅಂದೆ. ಮಾರನೇ ದಿನದಿಂದ ನೀನು ದೂರದ ಹುಣಸೇಮರದ ಕೆಳಗೆ ನಿಂತು ಕಾಯ್ತಿದ್ದೆ.

ಮೂರನೇ ದಿನಕ್ಕೇ ಮನೆ ವಾಸನೆ ಮತ್ತೆ ಗೊತ್ತಾಗ್ತಿಲ್ಲ, ಮೋಸದ ಮೂಗು! ನೀನು ಹೋಗಿ ಎರಡು ವರ್ಷವಾದ್ರೂ ಅಮ್ಮ ನಿನ್ನ ಟವೆಲ್ ಒಗೆಯದೆ ಪೆಟ್ಟಿಗೇಲಿ ಇಟ್ಟಿದ್ದಾಳೆ. ಅದರಲ್ಲಿ ನಿನ್ನ ನಶ್ಯದ ವಾಸನೆ ಇನ್ನೂ ಹಾಗೇ ಇದೆ. ದಿನಕ್ಕೆ ಒಂದೇ ಸಲ ಮೂಸಿ, ತಕ್ಷಣ ಮುಚ್ಚಿಡ್ತೀನಿ. ಇದಕ್ಕೂ ರೂಢಿಯಾಗಿಬಿಟ್ಟರೆ ಏನು ಮಾಡಲಿ?