ಹಡಗು ನಿಂತಲ್ಲೇ ನಿಲ್ಲಬೇಕು

ನಾವಿಕರ ವಸತಿಗೃಹ, ಕೋಣೆ ೩೧೪
ಬಂದರು ರಸ್ತೆ
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ನಿನ್ನ ಮಂಡಿ ಹೇಗಿದೆ? ಆಪರೇಷನ್ ಆಗಿ ಆರು ವಾರವಾಯಿತು, ಈಗ ಕೋಲಿಲ್ಲದೆ ಮೆಟ್ಟಿಲು ಹತ್ತುತ್ತಿದ್ದೀಯ ಎಂದು ಅಣ್ಣ ಹೇಳಿದ. ಹತ್ತುವುದು ಸರಿ, ಅಲ್ಲಿಂದ ಟೆರೇಸಿಗೆ ಹೋಗಿ ನೀರಿನ ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿ ನೋಡುವಂಥದ್ದೇನಿತ್ತು? ಅತ್ತಿಗೆ ಅದನ್ನು ಹೇಳುವಾಗ ಅವಳಿಗೆ ಅರ್ಧ ನಗು, ಅರ್ಧ ಅಳು. ಕಿವಿಯ ಮಷೀನು ಹಾಕಿಕೊಳ್ಳುತ್ತಿದ್ದೀಯೋ, ಇಲ್ಲಾ ಇನ್ನೂ ಚಮಚದ ಡ್ರಾಯರಿನಲ್ಲೇ ಮಲಗಿಸಿದ್ದೀಯೋ? ಹೋದ ತಿಂಗಳು ಫೋನಿನಲ್ಲಿ ನಾನು "ಹೆಲಿಕಾಪ್ಟರಲ್ಲಿ ಹೋಗ್ತಿದ್ದೀನಿ" ಎಂದರೆ ನೀನು "ಕಾಫಿ ಕುಡಿದೇ ಹೋಗು, ಅವಸರ ಏನು" ಎಂದೆ. ಅದಕ್ಕೇ ಈ ಕಾಗದ. ಅಣ್ಣ ಓದಿ ಹೇಳುವುದು ಬೇಡ, ನೀನೊಬ್ಬನೇ ಕೂತು ಓದು.

ನಾನು ಚೆನ್ನಾಗಿದ್ದೇನೆ ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಮೈಗೆ ಏನೂ ಆಗಿಲ್ಲ, ಅಷ್ಟರಮಟ್ಟಿಗೆ ಚೆನ್ನಾಗಿದ್ದೇನೆ. ಈ ಕೋಣೆಯಲ್ಲಿ ಒಂದು ಮಂಚ, ಒಂದು ಮೇಜು, ಬಂದರಿನ ಕಡೆಗೊಂದು ಕಿಟಕಿ. ಕಿಟಕಿಗೆ ಪರದೆ ಎಳೆದೇ ಕೂತಿದ್ದೇನೆ. ಹನ್ನೊಂದು ವರ್ಷ ಸಮುದ್ರದ ಮೇಲಿದ್ದವಳು ಸಮುದ್ರ ಕಾಣದ ಹಾಗೆ ಪರದೆ ಎಳೆದುಕೊಂಡು ಕೂತರೆ ಏನೆನ್ನುತ್ತೀಯ?

ಮೊದಲಿಂದ ಹೇಳುತ್ತೇನೆ. ಸಾಮಾನು ಹಡಗಿನ ಕೆಲಸ ನಿನಗೆ ಗೊತ್ತೇ ಇದೆ, ಒಂದು ಸಲ ಹತ್ತಿದರೆ ಆರು ತಿಂಗಳು, ಏಳು ತಿಂಗಳು. ಚೀಫ್ ಆಫೀಸರ್ ಆದ ಮೇಲಂತೂ ರಜೆ ಕೇಳಲೂ ಮುಜುಗರ. ಮಗಳಿಗೆ ನಾಲ್ಕು ತುಂಬಿತು, ಅದರಲ್ಲಿ ನಾನು ಮನೆಯಲ್ಲಿದ್ದದ್ದು ಒಂದೂವರೆ ವರ್ಷವೂ ಆಗದು. ಅವಳು ನನ್ನನ್ನು "ಫೋನಮ್ಮ" ಎಂದು ಕರೆಯುತ್ತಾಳಲ್ಲ, ಕೇಳಿದವರು ಅದು ಯಾವುದೋ ಹಳೇ ಕಾಲದ ಅಜ್ಜಿಯ ಹೆಸರು ಅಂದುಕೊಂಡು ನಗುತ್ತಾರೆ. ನಾನೂ ನಗುತ್ತೇನೆ. ಹೋದ ರಜೆಯಲ್ಲಿ ಅವಳು ಬಿದ್ದು ಮೊಣಕೈ ತರಚಿಕೊಂಡಾಗ ನಾನು ಎದುರಿಗೇ ನಿಂತಿದ್ದೆ, ಕೈಯನ್ನೂ ಚಾಚಿದ್ದೆ. ಅವಳು ನನ್ನನ್ನು ದಾಟಿ ಓಡಿಹೋಗಿ ನಿನ್ನ ಅಳಿಯನ ಕಾಲು ತಬ್ಬಿ ಅತ್ತಳು. ಅವತ್ತು ಸಂಜೆಯೇ ನಾನು ಬೇರೆ ಕೆಲಸ ಹುಡುಕತೊಡಗಿದೆ.

ಸಿಕ್ಕಿದ್ದು ಇದು: ಸಮುದ್ರದ ತಳದಲ್ಲಿ ಎಣ್ಣೆ ಬಾವಿ ಕೊರೆಯುವ ಹಡಗು. ನಾಲ್ಕು ವಾರ ಅಲ್ಲಿ, ನಾಲ್ಕು ವಾರ ಮನೆಯಲ್ಲಿ. ನಿನ್ನ ಅಳಿಯ ಡ್ರಾಯಿಂಗ್ ಮೇಷ್ಟ್ರಲ್ಲವೇ, ಸುದ್ದಿ ಕೇಳಿದ್ದೇ ತಡ ಕ್ಯಾಲೆಂಡರ್ ಇಳಿಸಿ ಮನೆಯ ವಾರಗಳಿಗೆಲ್ಲ ಹಳದಿ ಬಣ್ಣ ಬಳಿದುಬಿಟ್ಟ. ಮಗಳು ಉಳಿದ ವಾರಗಳಿಗೂ ಬಳಿಯುತ್ತೇನೆಂದು ಹಟ ಹಿಡಿದಳು. ಅದನ್ನು ನೋಡಿದ ಮೇಲೆ ನನಗೆ ಹಿಂದೆ ಸರಿಯುವ ದಾರಿ ಇರಲಿಲ್ಲ ಅಪ್ಪಾ.

ಆ ಹಡಗಿಗೆ ಹೋಗುವುದು ಹೆಲಿಕಾಪ್ಟರಿನಲ್ಲಿ. ಅದು ನೀರಿಗೆ ಬಿದ್ದರೆ ಹೊರಗೆ ಬರುವುದನ್ನು ಮೊದಲೇ ಕಲಿಯಬೇಕು. ಈಜುಕೊಳದ ಮೇಲೆ ತಗಡಿನ ಡಬ್ಬಿಯೊಂದನ್ನು ತೂಗುಹಾಕಿ, ಅದರೊಳಗೆ ನಮ್ಮನ್ನು ಸೀಟಿಗೆ ಬಿಗಿದು, ಮುಳುಗಿಸಿ, ತಲೆಕೆಳಗು ಮಾಡುತ್ತಾರೆ. ಕಲಿಸುವವರು ಒಬ್ಬ ಹಳೇ ಮುಳುಗುಗಾರರು, ನಾವು ಅವರಿಗೆ ಮೀನು ಮೇಷ್ಟ್ರು ಎಂದು ಹೆಸರಿಟ್ಟಿದ್ದೆವು. "ಒಂದು ಕೈ ಕಿಟಕಿ ಮೇಲೆ, ಒಂದು ಕೈ ಬೆಲ್ಟ್ ಮೇಲೆ. ತಿರುಗೋದು ನಿಲ್ಲೋವರೆಗೂ ಏನೂ ಮಾಡ್ಬೇಡಿ, ಏಳು ಎಣಿಸಿ" ಎಂದಿದ್ದರು. ನಾನು ಮೂರಕ್ಕೇ ಬೆಲ್ಟ್ ಬಿಚ್ಚಿದೆ. ಮೂಗು ಬಾಯಿಗೆಲ್ಲ ನೀರು ನುಗ್ಗಿ, ಮೇಲು ಯಾವುದು ಕೆಳಗು ಯಾವುದು ತಿಳಿಯದೆ ಪಕ್ಕದವನ ಹೊಟ್ಟೆಗೆ ಒದ್ದೆನಂತೆ. ಮೇಷ್ಟ್ರು ನನ್ನನ್ನು ಕಾಲರ್ ಹಿಡಿದು ಎಳೆದು ದಡಕ್ಕೆ ಹಾಕಿ, "ನೀರೇನೂ ಮಾಡ್ಲಿಲ್ಲ ಮೇಡಂ, ನಿಮ್ಮ ಅವಸರ ಮಾಡಿದ್ದು" ಎಂದರು. ನಾಲ್ಕನೆಯ ಪ್ರಯತ್ನಕ್ಕೆ ಪಾಸಾದೆ. ಒದೆ ತಿಂದವನು ಕೈಕುಲುಕಿ ಅಭಿನಂದನೆ ಹೇಳಿದ, ಆದರೆ ಒಂದು ಮಾರು ದೂರ ನಿಂತೇ. ನಗಬೇಡ.

ಕೆಲಸಕ್ಕೆ ಸೇರುವ ಮೊದಲು ಎರಡು ವಾರ ಹಡಗಿನಲ್ಲಿದ್ದು ನೋಡಿ ಬರಬೇಕೆಂದು ಕಳಿಸಿದರು. ಅದನ್ನು ಹಡಗು ಎನ್ನುವುದಕ್ಕಿಂತ ಮೂತಿಯಿರುವ ಕಾರ್ಖಾನೆ ಎನ್ನಬೇಕು. ನಡುವೆ ಗೋಪುರ, ಗೋಪುರದ ಕೆಳಗೆ ಹಡಗಿನ ಹೊಟ್ಟೆಯಲ್ಲೇ ಒಂದು ದೊಡ್ಡ ತೂತು. ಆ ತೂತಿನಿಂದ ಇಳಿದ ಕೊಳವೆ ಒಂದೂವರೆ ಕಿಲೋಮೀಟರ್ ನೀರು ದಾಟಿ ಸಮುದ್ರದ ತಳದಲ್ಲಿರುವ ಬಾವಿಯ ಬಾಯಿಗೆ ಕಚ್ಚಿಕೊಂಡಿರುತ್ತದೆ. ಅಷ್ಟು ಆಳದಲ್ಲಿ ಲಂಗರು ಇಲ್ಲ. ಅಡಿಯಲ್ಲಿ ಆರು ಪ್ರೊಪೆಲರ್‌ಗಳು ಹಗಲೂ ರಾತ್ರಿ ತಿರುಗಿ, ಗಾಳಿ ತಳ್ಳಿದಷ್ಟು ತಾವೂ ತಳ್ಳಿ, ಹಡಗನ್ನು ನಿಂತಲ್ಲೇ ನಿಲ್ಲಿಸುತ್ತವೆ. ಅವುಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಇಷ್ಟು ವರ್ಷ ನಾನು ಕಲಿತದ್ದೇನು? ಹವಾ ಕೆಟ್ಟರೆ ದಾರಿ ಬದಲಿಸು, ಅಲೆಗೆ ಮುಖ ಕೊಡು, ತಪ್ಪಿಸಿಕೋ. ಇಲ್ಲಿ ತಪ್ಪಿಸಿಕೊಳ್ಳುವಂತಿಲ್ಲ. ಹದಿನೈದು ಮೀಟರ್ ಸರಿದರೆ ಹಳದಿ ದೀಪ, ಮೂವತ್ತು ಮೀಟರಿಗೆ ಕೆಂಪು. ಕೆಂಪು ಹೊತ್ತಿದರೆ ಗಾಜಿನ ಮುಚ್ಚಳದ ಕೆಳಗಿರುವ ಗುಂಡಿ ಒತ್ತಬೇಕು. ಆಗ ತಳದಲ್ಲಿ ಕೊಳವೆ ಕತ್ತರಿಸಿ ಬಾವಿ ಮುಚ್ಚಿಕೊಳ್ಳುತ್ತದೆ. ಒತ್ತದಿದ್ದರೆ ಕೊಳವೆ ಬಾವಿಯ ಬಾಯನ್ನೇ ಕಿತ್ತುಕೊಂಡು ಬರುತ್ತದೆ, ಒಳಗಿನ ಗ್ಯಾಸು ಎಣ್ಣೆಯೆಲ್ಲ ಮೇಲಕ್ಕೆ. ಹಡಗಿನಲ್ಲಿ ನೂರ ಎಂಬತ್ತು ಜನ.

ನನಗೆ ಕಲಿಸಲು ಕೂರಿಸಿದ್ದು ಅಲ್ಲಿನ ಹಿರಿಯ ಅಧಿಕಾರಿಯ ಪಕ್ಕದಲ್ಲಿ. ಅರವತ್ತರ ಹತ್ತಿರದ ವಯಸ್ಸು, ಎಲ್ಲರೂ ಅವರನ್ನು ಗಡಿಯಾರದಣ್ಣ ಎನ್ನುತ್ತಾರೆ, ಯಾಕೆಂದರೆ ಸಮಯ ಎಷ್ಟೆಂದು ಹೇಳಲಷ್ಟೇ ಅವರು ಬಾಯಿ ತೆರೆಯುವುದು. ಒಂಬತ್ತನೆಯ ದಿನ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ, ಬಿಸಿಲು ಚೆನ್ನಾಗಿತ್ತು, ಗಾಳಿ ಸ್ವಲ್ಪ ಜೋರು, ಕೆಳಗಿನ ಎರಡು ಜನರೇಟರುಗಳು ಒಮ್ಮೆಲೇ ನಿಂತವು. ಆರರಲ್ಲಿ ಮೂರು ಪ್ರೊಪೆಲರ್ ಸತ್ತವು. ಸದ್ದಿನಲ್ಲಿ ಏನೋ ಕಡಿಮೆಯಾದಂತಾಯಿತು, ಅಷ್ಟೇ. ಆಮೇಲೆ ಪರದೆಯ ಮೇಲೆ ಹಡಗು ಸರಿದ ದೂರದ ಅಂಕಿ ಏರತೊಡಗಿತು. ನಾಲ್ಕು ಮೀಟರ್, ಏಳು, ಹನ್ನೊಂದು. ಗಡಿಯಾರದಣ್ಣ ಒಂದು ಕೈಯಲ್ಲಿ ಇಂಜಿನ್ ಕೋಣೆಯ ಫೋನು, ಇನ್ನೊಂದರಲ್ಲಿ ಗೋಪುರದವರ ಫೋನು ಹಿಡಿದು ನನ್ನತ್ತ ನೋಡಿದರು. "ಮುಚ್ಚಳ ತೆಗಿ, ಬೆರಳು ಇಟ್ಕೋ. ನಾನು ಹೇಳೋವರೆಗೂ ಒತ್ತಬೇಡ. ಹೇಳಿದ್ಮೇಲೆ ಏನೂ ಕೇಳಬೇಡ."

ಬೆರಳಿಟ್ಟೆ. ಗುಂಡಿ ತಣ್ಣಗಿತ್ತು. ಹಳದಿ ಹೊತ್ತಿತು, ಗಂಟೆ ಬಡಿಯತೊಡಗಿತು. ನನ್ನ ಎದುರಿನ ಸಣ್ಣ ಪರದೆಯಲ್ಲಿ ಹಡಗಿನ ಹೊಟ್ಟೆಯ ಆ ತೂತು ಕಾಣುತ್ತಿತ್ತು. ಕೊಳವೆ ಕತ್ತರಿಸಿದರೆ ಅದು ಸ್ಪ್ರಿಂಗಿನಂತೆ ಮೇಲಕ್ಕೆ ಚಿಮ್ಮುತ್ತದೆ, ಹತ್ತಿರ ಇದ್ದವರು ಉಳಿಯುವುದಿಲ್ಲ. ಕೆಲಸಗಾರರೆಲ್ಲ ಓಡಿ ಕಬ್ಬಿಣದ ಬಾಗಿಲಿನಾಚೆ ಹೋದರು. ಇಪ್ಪತ್ತು ಮೀಟರ್. ಅಷ್ಟರಲ್ಲಿ ಬಾಗಿಲು ತೆರೆದು ಒಬ್ಬ ವೆಲ್ಡರ್ ಹಿಂದಕ್ಕೆ ಬಂದ. ಬಗ್ಗಿ ಏನೋ ಹುಡುಕುತ್ತಿದ್ದಾನೆ. ಇಪ್ಪತ್ತಮೂರು. ನಾನು "ಸಾರ್, ಅಲ್ಲೊಬ್ಬ ಇದ್ದಾನೆ" ಎಂದೆ. ಅವರು ಫೋನಿನಲ್ಲಿದ್ದರು, ಕೇಳಲಿಲ್ಲವೋ, ಕೇಳಿಯೂ ಸುಮ್ಮನಿದ್ದರೋ. ಇಪ್ಪತ್ತಾರು. ಇಪ್ಪತ್ತೇಳು. ಆಮೇಲೆ ಕಾಲ ಕೆಳಗಿನ ನೆಲ ಸಣ್ಣಗೆ ನಡುಗಿತು, ನಿಂತಿದ್ದ ಜನರೇಟರ್ ಮತ್ತೆ ಶುರುವಾಯಿತು. ಇಪ್ಪತ್ತೆಂಟಕ್ಕೆ ಮುಟ್ಟಿದ ಅಂಕಿ ಅಲ್ಲೇ ನಿಂತು, ಯೋಚನೆ ಮಾಡಿ, ಇಳಿಯತೊಡಗಿತು.

ವೆಲ್ಡರ್ ಬಂದದ್ದು ಕನ್ನಡಕಕ್ಕಂತೆ. ಕಂಬಿಯ ಮೇಲೆ ಮರೆತಿದ್ದನಂತೆ. ಅದನ್ನು ಕೇಳಿ ನಾನು ಜೋರಾಗಿ ನಕ್ಕೆ, ನಗುತ್ತಲೇ ಹೋಗಿ ವಾಂತಿ ಮಾಡಿಕೊಂಡು ಬಂದೆ. ಆಗ ಗಡಿಯಾರದಣ್ಣ ಕೇಳಿದರು: "ಹೇಳಿದ್ರೆ ಒತ್ತಿರ್ತಿದ್ಯಾ?" ನಾನು ಕಣ್ಣು ಮಿಟುಕಿಸದೆ "ಒತ್ತಿರ್ತಿದ್ದೆ ಸಾರ್" ಎಂದೆ.

ಸುಳ್ಳು ಅಪ್ಪಾ. ಅವನು ಬಾಗಿಲು ತೆರೆದು ಬಂದ ಗಳಿಗೆಯಲ್ಲೇ ನನ್ನ ಬೆರಳು ಗುಂಡಿಯಿಂದ ಮೇಲೆದ್ದಿತ್ತು. ನಾನು ಎತ್ತಲಿಲ್ಲ, ತಾನಾಗಿ ಎದ್ದಿತು. ಮತ್ತೆ ಇಡಬೇಕೆಂದು ತಲೆ ಹೇಳುತ್ತಿತ್ತು, ಬೆರಳು ಗಾಳಿಯಲ್ಲೇ ನಿಂತಿತ್ತು. ನೂರ ಎಂಬತ್ತು ಜನ ಒಂದು ಕಡೆ, ಕನ್ನಡಕ ಮರೆತ ಒಬ್ಬ ಒಂದು ಕಡೆ. ಲೆಕ್ಕ ಸುಲಭ, ಮಗುವಿಗೂ ಬರುತ್ತದೆ. ನನಗೆ ಬರಲಿಲ್ಲ. ಅವನ ಮೇಲೆ ಕರುಣೆಯಿಂದ ಹಾಗಾಯಿತೆಂದು ಹೇಳಿಕೊಂಡರೆ ಚೆನ್ನಾಗಿರುತ್ತಿತ್ತು. ಕರುಣೆಯಲ್ಲ, ಭಯ. ಒತ್ತಿದವಳು ನಾನಾಗುತ್ತೇನೆ ಎಂಬ ಭಯ. ಈಗ ಕಣ್ಣು ಮುಚ್ಚಿದರೆ ಸಮುದ್ರವೂ ಕಾಣುವುದಿಲ್ಲ, ಬೆಂಕಿಯೂ ಕಾಣುವುದಿಲ್ಲ. ಗುಂಡಿಗೆ ಒಂದಿಂಚು ಮೇಲೆ ನಿಂತ ನನ್ನದೇ ಬೆರಳು ಕಾಣುತ್ತದೆ.

ಇದನ್ನು ನಿನಗೇ ಯಾಕೆ ಬರೆಯುತ್ತಿದ್ದೇನೆ ಎಂದು ನಿನಗೆ ಗೊತ್ತಾಗಿರಬೇಕು. ನನಗೆ ಒಂಬತ್ತು ವರ್ಷ ಆಗ. ನೀನು ಗೂಡ್ಸ್ ಯಾರ್ಡಿನಲ್ಲಿ ಕ್ರೇನ್ ನಡೆಸುತ್ತಿದ್ದೆ. ಒಂದು ದಿನ ಮಧ್ಯಾಹ್ನವೇ ಮನೆಗೆ ಬಂದು, ಒಳಗೂ ಬಾರದೆ ಮೆಟ್ಟಿಲ ಮೇಲೆ ಕೂತೆ. ಅಮ್ಮ ಏನಾಯಿತೆಂದು ಕೇಳಿದ್ದಕ್ಕೆ "ಕೈ ಮಾತು ಕೇಳ್ಲಿಲ್ಲ ಕಣೇ" ಎಂದೆ, ಅಷ್ಟೇ. ಸರಪಳಿ ಜಾರುತ್ತಿದ್ದಾಗ ಹೊರೆಯನ್ನು ಪಕ್ಕಕ್ಕೆ ಬಿಟ್ಟುಬಿಡಬೇಕಿತ್ತು, ನೀನು ತಡ ಮಾಡಿದೆ, ಒಬ್ಬ ಹಮಾಲಿಯ ಪಾದ ಹೋಯಿತು ಎಂಬುದನ್ನೆಲ್ಲ ನಾನು ಬೇರೆಯವರ ಬಾಯಿಂದ ತಿಳಿದೆ. ಮೂರು ದಿನ ನೀನು ಕೆಲಸಕ್ಕೆ ಹೋಗಲಿಲ್ಲ. ನಾಲ್ಕನೆಯ ದಿನ ಊಟದ ಡಬ್ಬಿ ಹಿಡಿದು ಹೊರಟೆ, ಆಮೇಲೆ ಹತ್ತೊಂಬತ್ತು ವರ್ಷ ಅದೇ ಕ್ರೇನ್ ಹತ್ತಿದೆ. ನಾವು ಯಾರೂ ಕೇಳಲಿಲ್ಲ, ನೀನೂ ಹೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಆ ನಾಲ್ಕನೆಯ ದಿನ ಏಣಿಯ ಕೆಳಗೆ ನಿಂತಾಗ ಏನಾಯಿತು? ಭಯ ಕಡಿಮೆಯಾದ ಮೇಲೆ ಹತ್ತಿದೆಯಾ, ಭಯದಲ್ಲೇ ಹತ್ತಿದೆಯಾ? ಆಮೇಲೆ ಎಂದಾದರೂ ಕೈ ಮಾತು ಕೇಳಿತಾ? ನನ್ನನ್ನು ಸಮಾಧಾನ ಮಾಡಬೇಡ, ನಡೆದದ್ದು ನಡೆದ ಹಾಗೆ ಬರೆ. ನಿನ್ನ ಕೋಳಿಕಾಲಿನ ಅಕ್ಷರ ನನಗೆ ಓದಲು ಬರುತ್ತದೆ.

ಕೆಲಸಕ್ಕೆ ಸೇರುತ್ತೇನೋ ಇಲ್ಲವೋ ಎಂದು ನಾಳೆ ಸಂಜೆಯೊಳಗೆ ಕಂಪನಿಗೆ ಉತ್ತರ ಕೊಡಬೇಕು, ನಿನ್ನ ಕಾಗದ ಅಷ್ಟರಲ್ಲಿ ಬರುವುದಿಲ್ಲ ಎಂದು ಗೊತ್ತು. ಆದರೂ ಬರೆಯುತ್ತಾ ಹೋದಂತೆ ನೀನು ಎದುರಿಗೆ ಕೂತು "ಹ್ಞಾಂ? ಏನಂದೆ?" ಎಂದು ಕಿವಿ ಕೊಟ್ಟ ಹಾಗಾಗಿ ಉಸಿರು ಸ್ವಲ್ಪ ಸಲೀಸಾಯಿತು. ಅಣ್ಣನಿಗೂ ಅತ್ತಿಗೆಗೂ ನನ್ನ ನೆನಪು ಹೇಳು. ಟ್ಯಾಂಕಿನ ತಂಟೆಗೆ ಹೋಗಬೇಡ. ದೂರದಿಂದಲೇ ನಿನ್ನ ಕಾಲು ಮುಟ್ಟುತ್ತೇನೆ, ಹೊಲಿಗೆ ಹಾಕಿಲ್ಲದ ಕಾಲನ್ನು.

ನಿನ್ನ
ಚಿಕ್ಕವಳು

ತಾ. ಕ.: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ಪಾಳಿ ಮುಗಿಸಿ ನನ್ನ ಜೊತೆಗೇ ದಡಕ್ಕೆ ಬಂದ ಗಡಿಯಾರದಣ್ಣ ಇದೇ ವಸತಿಗೃಹದಲ್ಲಿದ್ದಾರೆ, ಕೆಳಗೆ ಹೋಗಿ ನಿಜ ಹೇಳಿಬಿಟ್ಟೆ. ಬೈಯಲಿಲ್ಲ. "ಎದುರಿನ ಕಿಟಕಿ ಗಾಜಲ್ಲಿ ನಿನ್ನ ಬೆರಳು ಕಾಣ್ತಿತ್ತು. ಈಗಲೇ ನಿನ್ನನ್ನ ಆ ಕುರ್ಚೀಲಿ ಕೂರಿಸೋದಿಲ್ಲ, ಕಂಪನಿಗೂ ಹಾಗೇ ಹೇಳ್ತೀನಿ. ಮೂರು ತಿಂಗಳು ತರಬೇತಿ ಕೇಂದ್ರದಲ್ಲಿ ಕೂತು ಅಲ್ಲಿನ ನಕಲಿ ಗುಂಡಿ ದಿನಾ ಒತ್ತು. ಆಮೇಲೂ ಬರ್ತೀನಿ ಅಂದ್ರೆ ನನ್ನ ಪಕ್ಕ ಜಾಗ ಇರುತ್ತೆ, ಬರಲ್ಲ ಅಂದ್ರೂ ತಪ್ಪಿಲ್ಲ" ಎಂದರು. ಅಂದರೆ ಸದ್ಯಕ್ಕೆ ಕೆಲಸ ಸಿಗಲಿಲ್ಲ. ಹಳೆಯ ಹಡಗಿನ ಕೆಲಸಕ್ಕೆ ಕಳೆದ ವಾರವೇ ರಾಜೀನಾಮೆ ಕಳಿಸಿಯಾಗಿದೆ, ಅದು ನಿನ್ನ ಅಳಿಯನಿಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ತರಬೇತಿಗೆ ಒಪ್ಪಿಕೊಂಡೆ. ಅದು ಶುರುವಾಗುವ ಮೊದಲು, ಈ ಭಾನುವಾರ ಮಧ್ಯಾಹ್ನ ಮನೆ ತಲುಪುತ್ತೇನೆ. ಅಣ್ಣನ ಕಾರಿನಲ್ಲಿ ನೀನು ಶನಿವಾರವೇ ಬಂದಿರು ಅಪ್ಪಾ. ಎಲ್ಲವನ್ನೂ ನಾನೇ ಬಾಯಿಬಿಟ್ಟು ಹೇಳುತ್ತೇನೆ, ನೀನು ಸುಮ್ಮನೆ ಅದೇ ಕೋಣೆಯಲ್ಲಿ ಕೂತಿದ್ದರೆ ಸಾಕು.