ರೈನ್ ನದಿಗೆ ಒಂದು ಹಿಡಿ ಬೂದಿ ಭಾರವೇ?

ರೈನ್ ದಂಡೆಯ ಸ್ಮಶಾನಗಳನ್ನು ಕಾಯುವ ಮಾನ್ಯ ಅಧಿಕಾರಿಗಳೇ,

ನನ್ನ ಗಂಡನ ಚಿತಾಭಸ್ಮವನ್ನು ನೀವು ಮಣ್ಣಲ್ಲಿ ಹೂತಿಟ್ಟುಕೊಂಡು ನಾಲ್ಕು ತಿಂಗಳಾಯಿತು. ಕೊಟ್ಟುಬಿಡಿ ಎಂದು ಎಷ್ಟು ಸಲ ಬರೆದರೂ ನೀವು ಜರ್ಮನ್ ಭಾಷೆಯಲ್ಲಿ, ಬಹಳ ಮರ್ಯಾದೆಯಿಂದ, ಇಲ್ಲ ಎನ್ನುತ್ತೀರಿ. ಆ 'ಇಲ್ಲ'ವನ್ನು ಓದಿಸಿಕೊಳ್ಳಲು ಅಮೆರಿಕದ ಈ ಮೇರಿಲ್ಯಾಂಡ್ ತುಂಬಾ ಅಲೆದಿದ್ದೇನೆ. ಅದಕ್ಕೇ ಈ ಸಲ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ, ನಾಲ್ಕು ಜನರ ಮುಂದೆ, ನನ್ನ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಓದಿ ಹೇಳುವವರನ್ನು ಹುಡುಕುವ ಕಷ್ಟ ನಿಮಗೂ ಸ್ವಲ್ಪ ಇರಲಿ.

ನನ್ನ ಗಂಡ ಗುರುದತ್ ಇಲ್ಲಿನ ಗೈದರ್ಸ್‌ಬರ್ಗ್‌ನಲ್ಲಿ ಎಂಜಿನಿಯರ್. ನದಿ ನೀರಿನ ಶುದ್ಧಿ ಅಳೆಯುವ ಉಪಕರಣಗಳನ್ನು ಕೂರಿಸಲೆಂದೇ ನಿಮ್ಮೂರಿಗೆ ಬಂದವರು. ಸ್ನಾನದ ನೀರಿಗೆ ಏಳು ನದಿಗಳನ್ನು ಕರೆಯುವುದು ನಮ್ಮ ಪದ್ಧತಿ. ಇವರು ಅಮೆರಿಕಕ್ಕೆ ಬಂದ ಮೇಲೆ ಇಲ್ಲಿನ ಪೊಟೊಮ್ಯಾಕನ್ನೂ ಸೇರಿಸಿಕೊಂಡರು, ನಿಮ್ಮಲ್ಲಿಗೆ ಹೋದ ಮೇಲೆ ರೈನನ್ನೂ. "ದಿನಾ ಇದ್ರ ನೀರೇ ಕುಡೀತೀನಲ್ಲ ಸರೂ, ಕರೀದೇ ಇದ್ರೆ ಬೇಜಾರಾಗಲ್ವಾ?" ಎಂದು ಫೋನಿನಲ್ಲಿ ನಗುತ್ತಿದ್ದರು. ಹೋದ ವರ್ಷ ಜನವರಿಯ ಪ್ರವಾಹದಲ್ಲಿ ನೀರು ನಿಮ್ಮ ಸ್ಮಶಾನದ ಗೇಟಿನವರೆಗೂ ಬಂತೆಂದು ಹೇಳಿದವರೂ ಅವರೇ. ಅಕ್ಟೋಬರಿನಲ್ಲಿ ಅದೇ ದಂಡೆಯ ಮೇಲೆ, ಕೆಲಸದ ನಡುವೆ, ಎದೆ ಹಿಡಿದುಕೊಂಡು ಕುಸಿದರು. ಹೆಣವನ್ನು ಬಹಳ ದಿನ ಇಡಬಾರದೆಂದು, ನಾನೂ ಮಗಳೂ ಓಡಿ ಬಂದು ಅಲ್ಲೇ ದಹನ ಮಾಡಿಸಿದೆವು.

ಆಮೇಲೆ ನಿಮ್ಮ ಕಚೇರಿಯಲ್ಲಿ, ಬೂದಿಯನ್ನು ಯಾವ ಸ್ಮಶಾನದಲ್ಲಿ ಇಡುತ್ತೀರಿ ಎಂದು ಕೇಳಿದರು. ನಮಗೆಲ್ಲಿಯ ಸಮಾಧಿ? ಮಗಳು ಮಾನ್ಯಾ ಪಿಸುಗುಟ್ಟಿದಳು: "ಅಮ್ಮಾ, ರಾಕ್‌ವಿಲ್‌ದು ಯಾವ್ದೋ ಸೆಮೆಟರಿ ಹೆಸ್ರು ಹೇಳು. ಜಸ್ಟ್ ಸೇ ಇಟ್, ಪ್ಲೀಸ್."

"ಅಪ್ಪನ ಅಸ್ಥಿ ವಿಷಯದಲ್ಲಿ ಸುಳ್ಳು ಹೇಳ್ಲೇನೇ?" ಎಂದು ಗದರಿದೆ. ಕಿಟಕಿಯಾಚೆ ಕಾಣುತ್ತಿದ್ದ ರೈನ್ ನದಿಯನ್ನೇ ತೋರಿಸಿದೆ. ಸುಳ್ಳು ಹೇಳಿದ್ದರೆ ಬೂದಿಯ ಡಬ್ಬಿಯನ್ನು ಅಮೆರಿಕಕ್ಕೆ ಕಳಿಸುತ್ತಿದ್ದಿರಿ. ನಿಜ ಹೇಳಿದ್ದಕ್ಕೆ, ಬೂದಿ ಸ್ಮಶಾನದಲ್ಲೇ ಇರಬೇಕೆಂಬ ಕಾನೂನು ತೋರಿಸಿ, ನಿಮ್ಮಲ್ಲೇ ಹೂತುಬಿಟ್ಟಿರಿ. ನದಿ ಮಲಿನವಾಗುತ್ತದಂತೆ!

ಮಾನ್ಯರೇ, ಆ ನದಿಯ ಬಗ್ಗೆ ನನಗೂ ನಾಲ್ಕಕ್ಷರ ಗೊತ್ತು. ಮನೆಯಲ್ಲಿ ಊಟಕ್ಕೆ ಕೂತರೂ ಅದರದೇ ಮಾತಿತ್ತು. ಆಲ್ಪ್ಸ್‌ನ ಹಿಮ ಕರಗಿ ಹುಟ್ಟುತ್ತದೆ, ದೊಡ್ಡ ಸರೋವರವೊಂದನ್ನು ಹಾದು, ಜಲಪಾತವಾಗಿ ಬಿದ್ದು, ಬಾಸೆಲ್‌ನಲ್ಲಿ ಉತ್ತರಕ್ಕೆ ತಿರುಗುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಬಿಡುವುಂಟೇ? ಅಲ್ಸಾಸ್‌ನ ಗಣಿಗಳು ಉಪ್ಪು ಸುರಿಯುತ್ತವೆ. ವಿದ್ಯುತ್ ಸ್ಥಾವರಗಳು ತಣ್ಣೀರು ಎಳೆದುಕೊಂಡು ಬಿಸಿನೀರು ಬಿಡುತ್ತವೆ. ರೋಟರ್‌ಡ್ಯಾಮ್‌ವರೆಗೂ ಕಲ್ಲಿದ್ದಲು, ಎಣ್ಣೆ, ಅದಿರು ಹೊತ್ತ ದೋಣಿಗಳ ಸಾಲು. ಹತ್ತು ವರ್ಷದ ಕೆಳಗೆ ಬಾಸೆಲ್‌ನ ಗೋದಾಮಿಗೆ ಬೆಂಕಿ ಬಿದ್ದಾಗ ವಿಷ ಹರಿದು ನೀರೇ ಕೆಂಪಾಯಿತಲ್ಲ, ಸತ್ತ ಮೀನು ತೇಲಿದವಲ್ಲ, ಆಗ ಯಾವ ಕಚೇರಿಯಲ್ಲಿ ಯಾರು ಅಪ್ಪಣೆ ಕೊಟ್ಟಿದ್ದರು? ಇಷ್ಟನ್ನೆಲ್ಲ ನುಂಗಿದ ನದಿಗೆ, ಅದನ್ನು ಶುದ್ಧವಾಗಿಡಲು ಬಂದವನ ಒಂದು ಹಿಡಿ ಬೂದಿ ಅಜೀರ್ಣವಾಗುತ್ತದೆಯೇ? ಆನೆ ಹೋದದ್ದು ಕಾಣದೆ ಇರುವೆಯನ್ನು ತಡೆದು ನಿಲ್ಲಿಸಿದಿರಿ.

ಈಗ ಅಗೆದು ತೆಗೆದರೆ ಸತ್ತವರ ಶಾಂತಿಗೆ ಭಂಗ ಎನ್ನುತ್ತೀರಿ. ಆ ಜಾಗದ ಬಾಡಿಗೆಯ ಅವಧಿ ಮುಗಿದರೆ ತೆರವು ಮಾಡುತ್ತೇವೆ ಎಂದೂ ನೀವೇ ಬರೆದಿದ್ದೀರಿ. ಆಗ ಭಂಗವಾಗುವುದಿಲ್ಲವೇ? ನಮ್ಮವರ ಶಾಂತಿ ಹರಿಯುವ ನೀರಿನಲ್ಲಿದೆ. ಡಬ್ಬಿಯೊಳಗೆ ಮುಚ್ಚಿಟ್ಟಿರುವುದು ಸೆರೆ.

ಗೋರಿ ತೆರೆಯಿರಿ. ನಿಮ್ಮ ಕಾವಲುಗಾರನನ್ನೇ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ, ನಾನೂ ಮಾನ್ಯಾಳೂ ಬಂದು ಬೂದಿಯನ್ನು ನದಿಗೆ ಬಿಟ್ಟು ಹೋಗುತ್ತೇವೆ. ನನ್ನ ಬೇಡಿಕೆ ಇದೊಂದೇ.

ಇದನ್ನು ಬೇಗ ಮಾಡಿ. ಈ ಜನವರಿಯಿಡೀ ನಾನು ಟೀವಿಯ ಮುಂದೆ ಕೂತು ಯೂರೋಪಿನ ಹವಾಮಾನ ನೋಡಿದೆ. ಮಳೆ ಬರಲಿ, ನದಿ ಉಕ್ಕಲಿ, ಈ ಸಲ ಗೇಟಿನಲ್ಲಿ ನಿಲ್ಲದೆ ಒಳಗೆ ನುಗ್ಗಿ ಇವರನ್ನು ಎತ್ತಿಕೊಂಡು ಹೋಗಲಿ ಎಂದು ದೇವರಿಗೆ ಕೈ ಮುಗಿದೆ. ನಿಮ್ಮೂರಲ್ಲಿ ಮಕ್ಕಳು ಮಲಗಿರುತ್ತವೆಂದು ಗೊತ್ತಿದ್ದೂ ಮುಗಿದೆ.

ಇಂತಿ,
ನಿಮ್ಮ ಊರು ಮುಳುಗಲೆಂದು ಬೇಡುವಂತಾದ,
ಸರೋಜಿನಿ ಗುರುದತ್
ಗೈದರ್ಸ್‌ಬರ್ಗ್, ಫೆಬ್ರವರಿ ೧೯೯೬