ಅಟ್ಟದ ಮುದುಕಿ

ಫ್ರಾನೆಕರ್, ಏಪ್ರಿಲ್ ಹದಿನಾಲ್ಕು, ಮಧ್ಯಾಹ್ನ

ಹಿಲ್ಟ್ಯೆ, ನನ್ನವಳೇ,

ಅಟ್ಟದಲ್ಲಿ ಕೆಲಸ ಮಾಡುವಾಗ ಕೆಳಗಿನಿಂದ ನಿನ್ನ ಕೋಲಿನ ಸದ್ದು ಈಗಲೂ ಕೇಳುತ್ತದೆ. ಒಂದು ಸಲ ಕುಟ್ಟಿದರೆ ಕೆಳಗೆ ಬಾ ಅಂತ. ಎರಡು ಸಲ ಕುಟ್ಟಿದರೆ ಮುದುಕಿ ಹೇಗಿದ್ದಾಳೆ ಅಂತ. ನೀನು ಹೋಗಿ ಆರು ತಿಂಗಳಾಯಿತು. ಕೋಲು ನಿನ್ನ ಮಂಚದ ಪಕ್ಕದಲ್ಲೇ ಇದೆ, ಆ ಕೋಣೆಗೆ ಅಕ್ಟೋಬರಿನಲ್ಲಿ ನಾನೇ ಬೀಗ ಹಾಕಿದ್ದೆ. ಆದರೂ ಮೇಲೆ ಹೋಗಿ ನೀರಿನ ಡಬ್ಬ ಕೆಳಗಿಟ್ಟೆನೋ ಇಲ್ಲವೋ, ಟಕ್ ಟಕ್. ಹೀಟರಿನ ಪೈಪು ಇರಬಹುದು. ಹಳೆಯ ಮನೆ, ಕಬ್ಬಿಣ ಬಿಸಿಯಾದರೆ ಏನಾದರೂ ಸದ್ದು ಮಾಡುತ್ತದೆ. ಹಾಗಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹೇಳಿಕೊಂಡು, ಹಳೆಯ ಅಭ್ಯಾಸದಂತೆ ಹಿಮ್ಮಡಿಯಿಂದ ಹಲಗೆಗೆ ಎರಡು ಸಲ ಕುಟ್ಟುತ್ತೇನೆ. ಚೆನ್ನಾಗಿದ್ದಾಳೆ.

ಸುಳ್ಳು ಕಣೇ. ಚೆನ್ನಾಗಿಲ್ಲ. ಇದು ಮೊದಲನೇ ಸುಳ್ಳೂ ಅಲ್ಲ. ಅದಕ್ಕೇ ಈ ಕಾಗದ.

ಎಲ್ಲಿಂದ ಶುರು ಮಾಡಲಿ? ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಕಾಗದ ಬರೆಯುವುದಕ್ಕೊಂದು ಕ್ರಮ ಹೇಳಿಕೊಟ್ಟಿದ್ದರು. ಮೊದಲು ಕ್ಷೇಮ, ಆಮೇಲೆ ವಿಷಯ, ಕೊನೆಗೆ 'ಯುವರ್ಸ್' ಏನೋ ಒಂದು. ಅದರ ಮುಂದಿನ ಪದ ಮರೆತಿದೆ. ಲೀವಾರ್ಡನ್ನಿನಲ್ಲಿ ಎರಡು ವರ್ಷ ಓದಿ, ಮೇಷ್ಟ್ರಾಗದೆ, ದೋಣಿ ಬಂದಾಗ ಕಾಲುವೆಯ ಸೇತುವೆ ಎತ್ತಿ ಇಳಿಸುವ ಕಾವಲುಗಾರನಾದೆ. ಆ ಇಂಗ್ಲಿಷು ಉಪಯೋಗಕ್ಕೆ ಬಂದದ್ದು ಒಂದೇ ಸಲ, ಅದೂ ಅರ್ಧ. ಅದನ್ನು ಆಮೇಲೆ ಹೇಳುತ್ತೇನೆ.

ನಿನ್ನ ಕಾಲುಗಳು ಕಟ್ಟಿಗೆಯಂತೆ ಸೆಟೆದುಕೊಳ್ಳಲು ಶುರುವಾದ ವರ್ಷ ನೀನು ಒಂದು ಹಿಡಿ ಗಾಂಜಾ ಬೀಜ ಬಿತ್ತಿದ್ದೆ. ಗಂಡು ಗಿಡಗಳನ್ನೆಲ್ಲ ಕಿತ್ತು ಹಾಕಿದ ಮೇಲೆ ಆರು ಉಳಿದವು. ಪ್ರತಿಯೊಂದರದ್ದೂ ಕಡ್ಡಿ ನೆಟ್ಟು, ಹೂ ಬಿಡಿಸಿ, ಎಣ್ಣೆ ತೆಗೆದು ನೋಡಿದೆ. ಐದರ ಎಣ್ಣೆ ನಿನಗೆ ತಲೆ ತಿರುಗಿಸಿತು. ಒಂದರದ್ದು ಮಾತ್ರ ತಲೆಯ ಗೊಡವೆಗೆ ಹೋಗದೆ ನೇರ ಕಾಲಿಗೆ ಇಳಿಯಿತು. ಆ ಸಂಜೆ ನೀನು ಅಡುಗೆಮನೆಯಿಂದ ಕಾಲುವೆಯವರೆಗೆ ಯಾರ ಕೈಯನ್ನೂ ಹಿಡಿಯದೆ ನಡೆದೆ. ಆ ಗಿಡವನ್ನೇ ನೀನು ತಾಯಿಯಾಗಿ ಇಟ್ಟುಕೊಂಡದ್ದು, ಎಣ್ಣೆಗೆ ಅವಳ ಕಡ್ಡಿ ನೆಟ್ಟು ಬೆಳೆಸಿದ ಗಿಡಗಳ ಹೂವು. ಅಟ್ಟದಲ್ಲಿ ನೀನು ದಿನಕ್ಕೆ ಹದಿನೆಂಟು ಗಂಟೆ ದೀಪ ಹಾಕಿ, ಚಳಿಗಾಲ ಬಂದದ್ದೇ ಅವಳಿಗೆ ಗೊತ್ತಾಗದಂತೆ ನೋಡಿಕೊಂಡೆ. ಗೊತ್ತಾದರೆ ಹೂ ಬಿಡುತ್ತಾಳೆ, ಹೂ ಬಿಟ್ಟರೆ ಮುಗಿಯಿತು ಅನ್ನುತ್ತಿದ್ದೆ. ಮೂರನೇ ವರ್ಷಕ್ಕೆ ಅವಳ ಬುಡ ಬೂದು ಬಣ್ಣದ ಮರವಾಯಿತು. ಆಗಿನಿಂದ ಅವಳಿಗೆ ಮುದುಕಿ ಎಂದೇ ಹೆಸರು.

"ಬೀಜ ಹಾಕಿದ್ರೆ ಮಕ್ಕಳು ಬರ್ತವೆ, ಒಂದೊಂದು ಒಂದೊಂದು ಥರ. ಕಡ್ಡಿ ನೆಟ್ರೆ ಬರೋದು ಅವಳೇ," ಅನ್ನುತ್ತಿದ್ದೆ. ನಾನು, "ಹಾಗಾದ್ರೆ ಅವಳಿಗೆ ಸಾವೇ ಇಲ್ವಾ?" ಅಂದರೆ, "ನಿನ್ನ ಕೈಗೆ ಸಿಗದಿದ್ರೆ ಇಲ್ಲ," ಎಂದು ನೀನು ನಕ್ಕಿದ್ದೆ. ನಾನು ಕಿಟಕಿಯ ಜೆರೇನಿಯಮ್ ಹೂಗಿಡವನ್ನೂ ಉಳಿಸಿದವನಲ್ಲ.

ಫೆಬ್ರವರಿ ಬಂತೆಂದರೆ ಮುದುಕಿಯ ಬೇರು ಕತ್ತರಿಸುವ ಕೆಲಸ. ಕುಂಡದಲ್ಲಿರುವವಳು, ಬೇರಿಗೆ ಹೋಗಲು ಜಾಗವಿಲ್ಲ. ಗೋಡೆ ಸಿಕ್ಕಲ್ಲಿ ತಿರುಗಿ ತನ್ನನ್ನೇ ಸುತ್ತಿಕೊಳ್ಳುತ್ತಾ ಹೋಗುತ್ತದೆ. ಕೊನೆಗೆ ಕುಂಡದಲ್ಲಿ ಮಣ್ಣಿಗಿಂತ ಬೇರೇ ಹೆಚ್ಚಾಗಿ, ಹಾಕಿದ ನೀರು ನಿಲ್ಲದೆ ಕೆಳಗೆ ಹರಿದು ಹೋಗುತ್ತದೆ. ನೀನು ಅವಳನ್ನು ಪೂರ್ತಿ ಹೊರತೆಗೆದು, ಬ್ರೆಡ್ಡು ಕೊಯ್ಯುವ ಹಲ್ಲಿನ ಚಾಕುವಿನಿಂದ ಸುತ್ತಲೂ ಎರಡು ಬೆರಳು ದಪ್ಪ, ಅಡಿಯಿಂದ ಮೂರು ಬೆರಳು ದಪ್ಪ ಬೇರನ್ನು ಕೊಯ್ದು, ಹೊಸ ಮಣ್ಣು ತುಂಬಿ ಅದೇ ಕುಂಡದಲ್ಲಿ ಕೂರಿಸುತ್ತಿದ್ದೆ. ಅದಕ್ಕೂ ನಾಲ್ಕು ದಿನ ಮೊದಲೇ ಮೇಲಿನ ಕೊಂಬೆಗಳನ್ನು ಅಷ್ಟೇ ಪ್ರಮಾಣದಲ್ಲಿ ಕತ್ತರಿಸಿರಬೇಕು. ಕೊಯ್ದ ಮೇಲೆ ಹತ್ತು ದಿನ ಮಬ್ಬು ಬೆಳಕು, ಎಲೆಗೆ ಆಗಾಗ ನೀರಿನ ತುಂತುರು. ಎಲ್ಲಕ್ಕಿಂತ ಮೊದಲು, ಚಾಕು ಮುಟ್ಟುವ ಮುಂಚೆ, ಎರಡು ಕಡ್ಡಿ ನೆಟ್ಟು ಬೇರು ಬಂದದ್ದನ್ನು ಕಣ್ಣಾರೆ ನೋಡಬೇಕು. ಅವನ್ನು ನೀನು ಹೆಣ್ಣುಮಕ್ಕಳು ಅನ್ನುತ್ತಿದ್ದೆ. "ಇಬ್ರೂ ಬಾಗಿಲಲ್ಲಿ ನಿಂತಿರ್ಬೇಕು, ಆಮೇಲೆ ಅಮ್ಮನಿಗೆ ಆಪರೇಷನ್."

ಆ ವರ್ಷಗಳಲ್ಲಿ ನೀನು ಏಣಿಯಂಥ ಆ ಮೆಟ್ಟಿಲನ್ನು ಕೂತು ಕೂತು ಹತ್ತುತ್ತಿದ್ದೆ. ಮೂರು ವರ್ಷದ ಹಿಂದೆ ಅದೂ ನಿಂತಿತು. ಆ ಫೆಬ್ರವರಿಯಲ್ಲೇ ಎದೆಗೆ ಕಫ ತುಂಬಿ ನಿನ್ನನ್ನು ಆಸ್ಪತ್ರೆಗೆ ಸೇರಿಸಿದೆವು. ಮೂಗಿಗೆ ಕೊಳವೆ ಹಾಕಿಕೊಂಡೇ ನೀನು ನನಗೆ ಎಲ್ಲವನ್ನೂ ಮೂರು ಸಲ ಹೇಳಿದೆ. ಎರಡು ಕಡ್ಡಿ. ಹದಿನಾಲ್ಕು ದಿನ. ಆಮೇಲೆ ಚಾಕು. "ಡೌವೆ, ಹೇಳು ನೋಡೋಣ, ಮೊದಲು ಏನು?" ಅಂದೆ. "ಹೆಣ್ಣುಮಕ್ಕಳು," ಅಂದೆ ನಾನು. ಒಳ್ಳೆಯ ಹುಡುಗನಂತೆ.

ಮನೆಗೆ ಬಂದು ನೋಡಿದರೆ ಮುದುಕಿಯ ಎಲೆಗಳು ಹಳದಿಯಾಗುತ್ತಿದ್ದವು. ಡಾಕ್ಟರು ಮೂರು ವಾರದಲ್ಲಿ ನಿನ್ನನ್ನು ಕಳಿಸುವುದಾಗಿ ಹೇಳಿದ್ದರು. ಹದಿನಾಲ್ಕು ದಿನ ಕಾದು, ಆಮೇಲೆ ಕೊಯ್ದರೆ ನೀನು ಬರುವ ಹೊತ್ತಿಗೆ ಅವಳು ಬಾಡಿ ಮಲಗಿರುತ್ತಾಳೆ, ಮೊದಲೇ ಕೊಯ್ದರೆ ಚಿಗುರಿರುತ್ತಾಳೆ ಎಂದು ಲೆಕ್ಕ ಹಾಕಿದೆ. ನಿನಗೆ ಚಿಗುರನ್ನು ತಂದು ತೋರಿಸಬೇಕೆಂಬ ಆಸೆ ನನಗೆ. ನಿನ್ನ ಕಪಾಟಿನಲ್ಲಿದ್ದ ಇಂಗ್ಲಿಷ್ ಪುಸ್ತಕವನ್ನೂ ತೆರೆದೆ. ನನಗೆ ತಿಳಿದ ಪದಗಳನ್ನು ಓದಿದೆ, ತಿಳಿಯದ್ದನ್ನು ದಾಟಿದೆ. ಹೆಣ್ಣುಮಕ್ಕಳಿಲ್ಲದೆ, ಕೊಂಬೆಯನ್ನೂ ಸವರದೆ ಚಾಕು ಹಾಕಿದೆ. ಹೆಚ್ಚು ಕೊಯ್ದರೆ ಹೆಚ್ಚು ಚಿಗುರೀತೆಂದು ಅರ್ಧಕ್ಕೂ ಮಿಕ್ಕಿ ಕೊಯ್ದೆ. ಅದೇ ದಿನ ಉರಿಯುವ ದೀಪದಡಿಗೆ ಇಟ್ಟೆ. ಒಂಬತ್ತನೇ ದಿನ ಕೊಂಬೆ ಬಗ್ಗಿಸಿ ನೋಡಿದೆ, ಒಣ ಕಡ್ಡಿಯಂತೆ ಮುರಿಯಿತು. ಹನ್ನೊಂದು ವರ್ಷದವಳು.

ಹಿಲ್ಟ್ಯೆ, ನಾನು ಅವಳನ್ನು ಕೊಂದೆ. ಈ ಮಾತನ್ನು ನಿನ್ನ ಮುಂದೆ ಒಂದು ಸಲವೂ ಹೇಳಲಿಲ್ಲ.

ಅವಳ ಕಡ್ಡಿಯಿಂದ ಬೆಳೆದ ಗಿಡವೊಂದು ಇನ್ನೊಬ್ಬನ ಹತ್ತಿರ ಇದೆಯೆಂದು ನನಗೆ ಗೊತ್ತಿತ್ತು. ಸೀತ್ಸೆ. ನನಗಿಂತ ಮುಂಚೆ ಎರಡು ಬೇಸಿಗೆ ನಿನ್ನೊಂದಿಗೆ ದೋಣಿಯಲ್ಲಿ ಕಳೆದವನು. ಇಪ್ಪತ್ತು ವರ್ಷ ಅವನ ದೋಣಿಗೆ ಸೇತುವೆ ಎತ್ತಿದ್ದೇನೆ, ಮುಖ ಎತ್ತಿ ನೋಡಿಲ್ಲ. ಅಂಥವನ ದೋಣಿಯ ಹಲಗೆಯ ಮೇಲೆ ಟೋಪಿ ಕೈಯಲ್ಲಿ ಹಿಡಿದು ನಿಂತೆ. ಅವನು ಬಟಾಣಿ ಸೂಪು ಕಲಕುತ್ತಲೇ ಕೇಳಿದ, "ಏನು ಸೇತುವೆ ಸಾಹೇಬ್ರು ಇಲ್ಲಿವರೆಗೆ? ಕೊಂದ್ಯಾ ಮುದುಕೀನ?" ನಾನು ಹೌದೆಂದು ತಲೆಯಾಡಿಸಿದೆ. ಅವನು ಕಿಟಕಿಯಿಂದ ಮೊಸರಿನ ಡಬ್ಬಿಯೊಂದನ್ನು ತೆಗೆದು ಕೊಟ್ಟ. ಅದರಲ್ಲಿ ಬೇರು ಬಿಟ್ಟ ಕಡ್ಡಿ ಸಿದ್ಧವಾಗಿ ನಿಂತಿತ್ತು. ಅದು ಹೇಗೆ ಸಿದ್ಧವಾಗಿತ್ತೆಂದು ಕೇಳುವ ಬುದ್ಧಿ ನನಗಾಗ ಬರಲಿಲ್ಲ.

ನೀನು ಬಂದೆ. ಅಟ್ಟ ಹತ್ತಲಾರೆ, ಅದೇ ನನ್ನ ಅದೃಷ್ಟವಾಯಿತು. ಥೂ, ಎಂಥ ಅದೃಷ್ಟ. ಬಾಟಲಿಯಲ್ಲಿ ಹಳೆಯ ಎಣ್ಣೆ ಆರು ತಿಂಗಳಿಗಾಗುವಷ್ಟಿತ್ತು, ಅಷ್ಟರೊಳಗೆ ಹೊಸಬಳಿಂದ ಎಣ್ಣೆ ಬಂತು. ಅದೂ ನೇರ ಕಾಲಿಗೇ ಇಳಿಯಿತು. ನಾನು ಒಂದು ಎಲೆ ತಂದು ನಿನ್ನ ಅಂಗೈಯಲ್ಲಿಟ್ಟೆ. ನೀನು ಉಜ್ಜಿ ಮೂಸಿದೆ, ನಿಂಬೆಸಿಪ್ಪೆ ಮತ್ತು ಟಾರಿನ ಅದೇ ವಾಸನೆ. ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದೆ. "ಬುಡ ಹೇಗಿದೆ?" ಅಂದೆ ನೀನು. "ಗಟ್ಟಿ ಇದೆ," ಅಂದೆ ನಾನು. "ನಾನು ಬುಡಕ್ಕೆ ಕಟ್ಟಿದ್ದ ದಾರ?" "ಹಾಗೇ ಇದೆ." ಸತ್ತವಳಿಂದ ಬಿಚ್ಚಿದ ಆ ದಾರ ನನ್ನ ಕೋಟಿನ ಜೇಬಿನಲ್ಲಿತ್ತು.

ಮುಂದಿನ ಫೆಬ್ರವರಿಯಲ್ಲಿ ಏನು ಮಾಡಿದೆ ಗೊತ್ತೇ? ಹೊಸಬಳ ಬೇರಿಗೆ ಕೈ ಹಾಕುವ ಧೈರ್ಯವಿರಲಿಲ್ಲ. ಆದರೆ ನೀನು ಕೆಳಗೆ ಕಿವಿ ನೆಟ್ಟು ಕೂತಿದ್ದೀಯ. ಬಾಗಿಲಿನ ಹಳೆಯ ನಾರಿನ ಚಾಪೆಯನ್ನು ಮೇಲೆ ಒಯ್ದು, ಬ್ರೆಡ್ ಚಾಕುವಿನಿಂದ ಅರ್ಧ ಗಂಟೆ ಅದನ್ನು ಕೊಯ್ದೆ. ಬೇರು ಕೊಯ್ಯುವ ಸದ್ದೇ ಬಂತು. ಟಕ್ ಟಕ್, ನೀನು ಕೇಳಿದೆ. ನಾನು ಹಿಮ್ಮಡಿ ಕುಟ್ಟಿದೆ. ಅದರ ಮುಂದಿನ ವರ್ಷವೂ ಅದೇ ಚಾಪೆ.

ಕಳೆದ ಸೆಪ್ಟೆಂಬರಿನಲ್ಲಿ ನೀನು ಒಂದು ಸಲ ಮಾತ್ರ ಕೇಳಿದೆ. "ಅವಳನ್ನ ಒಂದ್ಸಲ ಕೆಳಗೆ ತರ್ತೀಯಾ, ನೋಡ್ಬೇಕು." ಕುಂಡ ಭಾರ, ಮೆಟ್ಟಿಲು ಕಿರಿದು, ಕೊಂಬೆ ಮುರಿದೀತು ಅಂದೆ ನಾನು. ನೀನು ನನ್ನ ಮುಖವನ್ನೇ ನೋಡಿ, "ಇರ್ಲಿ ಬಿಡು ಡೌವೆ. ಅಲ್ಲೇ ಹಾಯಾಗಿರ್ಲಿ," ಅಂದೆ. ಆ ಮಾತು ಈ ಆರು ತಿಂಗಳಲ್ಲಿ ನನ್ನನ್ನು ಎಲ್ಲೆಲ್ಲಿ ಹಿಡಿದಿಲ್ಲ. ಬೇಕರಿಯ ಸಾಲಿನಲ್ಲಿ, ನಿನ್ನ ಸಮಾಧಿಗೆ ನೀರು ಹಾಕುವಾಗ, ಬೆಳಿಗ್ಗೆ ಆರಕ್ಕೆ ಅಟ್ಟದ ಗಡಿಯಾರ ಟಿಕ್ ಎಂದು ದೀಪ ತಾನೇ ಹೊತ್ತಿಕೊಳ್ಳುವಾಗ. ನೀನೇ ಎದ್ದು ಸ್ವಿಚ್ ಹಾಕಿದೆಯೇನೋ ಅನ್ನಿಸಿ ನಾನು ಹಾಸಿಗೆಯಲ್ಲಿ ಉಸಿರು ಹಿಡಿದು ಮಲಗಿರುತ್ತೇನೆ.

ಮೂರು ವಾರದ ಹಿಂದೆ ಸೀತ್ಸೆ ಬಂದ. ದೋಣಿ ಮಾರಿ ವೃದ್ಧರ ಮನೆಗೆ ಸೇರುತ್ತಾನಂತೆ. ಕಾಫಿ ಕೊಟ್ಟೆ, ಜೊತೆಗೆ ಒಂದು ಬಿಸ್ಕತ್ತು. "ನನ್ನ ಗಿಡ ಹೋಯ್ತು, ಹೋದ ಬೇಸಿಗೇಲಿ ನುಸಿ ಹಿಡೀತು. ಈಗ ಉಳಿದಿರೋದು ನಿನ್ನದೊಂದೇ," ಅಂದ. ಮೇಲೆ ಕರೆದೊಯ್ದು ತೋರಿಸಿದೆ. ಅವನು ಕುಂಡದ ಅಡಿಗೆ ಬೆರಳು ಹಾಕಿ ನೋಡಿದ, ತೂತಿನಿಂದ ಬೇರು ಹೊರಬಂದು ಗಂಟು ಕಟ್ಟಿತ್ತು. "ಮೂರು ವರ್ಷದಿಂದ ಕೊಯ್ದಿಲ್ವಾ? ಉಸಿರು ಕಟ್ತಿದೆ ಮಾರಾಯ ಇದಕ್ಕೆ. ಈ ಬೇಸಿಗೆ ದಾಟೋದಿಲ್ಲ." ಕೊಯ್ದರೆ ನಾನೇ ಕೊಲ್ಲುತ್ತೇನೆ, ಆಮೇಲೆ ಅವಳು ಅನ್ನುವುದು ಈ ಭೂಮಿಯ ಮೇಲೆ ಎಲ್ಲೂ ಇರುವುದಿಲ್ಲ ಅಂದೆ. ಯಾವ ಅವಳು ಎಂದು ಅವನು ಕೇಳಲಿಲ್ಲ.

ಬೆರಳಿನ ಮಣ್ಣು ಒರೆಸಿಕೊಂಡು ಅಂದ, "ಆವತ್ತು ನೀನು ಬರೋಕೆ ಎರಡು ವಾರ ಮುಂಚೆನೇ ಆಸ್ಪತ್ರೆಯಿಂದ ಹಿಲ್ಟ್ಯೆ ಫೋನ್ ಮಾಡಿದ್ಳು ನಂಗೆ. ಡೌವೆ ಬೇರಿಗೆ ಕೈ ಹಾಕ್ತಾನೆ, ಅವನಿಗೆ ಕಾಯೋಕೆ ಬರಲ್ಲ, ನೀನು ಎರಡು ಕಡ್ಡಿ ನೆಟ್ಟಿಡು ಅಂದ್ಳು. ಬಂದ್ರೆ ಏನೂ ಕೇಳ್ಬೇಡ, ಕೊಟ್ಟು ಕಳಿಸು ಅಂತಾನೂ ಅಂದ್ಳು. ನನ್ ಬಾಯಿ ಸುಮ್ನಿರುತ್ತಾ, ಕೇಳ್ಬಿಟ್ಟೆ."

ಅಂದರೆ ಚಾಪೆ ಕೊಯ್ಯುವ ಸದ್ದು ನಿನಗೆ ಗೊತ್ತಿತ್ತು. ದಾರವೂ. ಬುಡವೂ. ಗೊತ್ತಿದ್ದೂ ಎರಡು ಸಲ ಕುಟ್ಟಿ, ನನ್ನ ಉತ್ತರಕ್ಕೆ ಕಾದು ಕೂತಿರುತ್ತಿದ್ದೆ. ನೀನು ಕೇಳುತ್ತಿದ್ದದ್ದು ಯಾರ ಕ್ಷೇಮವನ್ನು, ಹಿಲ್ಟ್ಯೆ?

ಸೀತ್ಸೆ ಹೋದ ಮೇಲೆ ಎರಡು ಕಡ್ಡಿ ಕತ್ತರಿಸಿ ನೆಟ್ಟೆ. ಕಾದೆ. ಹದಿನಾಲ್ಕು ದಿನ, ಮೇಲೆ ಇನ್ನೂ ಮೂರು, ಯಾಕೆಂದರೆ ಬಡಕಲು ತಾಯಿಯ ಕಡ್ಡಿ, ನಿಧಾನ. ಕೊನೆಗೆ ಇಬ್ಬರಿಗೂ ಶಾವಿಗೆಯಂಥ ಬಿಳಿ ಬೇರು ಬಂತು. ಕೊಂಬೆಗಳನ್ನು ನಾಲ್ಕು ದಿನ ಮೊದಲೇ ಸವರಿದ್ದೆ. ಇವತ್ತು ಬೆಳಿಗ್ಗೆ ತಿಂಡಿಯಾದ ಮೇಲೆ ಚಾಕು ತೊಳೆದು ಮೇಲೆ ಹೋದೆ. ಹೊರತೆಗೆದರೆ ಬೇರು ಕುಂಡದ ಆಕಾರದಲ್ಲೇ ಹೆಪ್ಪುಗಟ್ಟಿತ್ತು. ಸುತ್ತಲೂ ಎರಡು ಬೆರಳು, ಅಡಿಯಿಂದ ಮೂರು. ನನ್ನ ಬೆರಳು ದಪ್ಪ, ಆದ್ದರಿಂದ ನಿನ್ನ ಬೆರಳನ್ನು ನೆನೆಸಿಕೊಂಡು ಕೊಯ್ದೆ. ಕೆಳಗಿನಿಂದ ಯಾವ ಸದ್ದೂ ಬರಲಿಲ್ಲ. ಮೊದಲ ಸಲ ನನಗೆ ಆ ಸದ್ದು ಬೇಕಾಗಿತ್ತು.

ಇನ್ನು ಹತ್ತು ದಿನ ಅವಳಿಗೆ ಮಬ್ಬು ಬೆಳಕು ಬೇಕು. ಈ ಮನೆಯಲ್ಲಿ ಬಿಸಿಲು ಬೀಳದ ಜಾಗ ಒಂದೇ, ಉತ್ತರದ ನಿನ್ನ ಕೋಣೆ. ಕುಂಡವನ್ನು ದೋಣಿಯ ಹಗ್ಗದಿಂದ ಬೆನ್ನಿಗೆ ಕಟ್ಟಿಕೊಂಡು, ನೀನು ಹತ್ತುತ್ತಿದ್ದ ಹಾಗೆಯೇ ಕೂತು ಕೂತು ಇಳಿದೆ. ಕುಂಡ ಅಂಥ ಭಾರವಿರಲಿಲ್ಲ. ಮೆಟ್ಟಿಲು ಸಾಕಷ್ಟು ಅಗಲವಿತ್ತು. ಬೀಗ ತೆಗೆದೆ.

ಈಗ ಅವಳು ನಿನ್ನ ಕಿಟಕಿಯ ಹತ್ತಿರ ಇದ್ದಾಳೆ, ನಾನು ನಿನ್ನ ಕುರ್ಚಿಯಲ್ಲಿ. ರಾತ್ರಿ ಬೇಗ ಬಂತೆಂದು ಅವಳು ಹೂ ಬಿಡಬಾರದಲ್ಲ, ನಿನ್ನ ಓದುವ ದೀಪವನ್ನು ಹನ್ನೆರಡರವರೆಗೆ ಉರಿಸುತ್ತೇನೆ. ಎದುರುಮನೆಯವರು ನೋಡಿ ಏನಾದರೂ ಅಂದುಕೊಳ್ಳಲಿ. ಎಲೆಗಳೆಲ್ಲ ಜೋತು ಬಿದ್ದಿವೆ. ಬದುಕುತ್ತಾಳೋ ಇಲ್ಲವೋ ಗೊತ್ತಿಲ್ಲ, ಗೊತ್ತಿದೆಯೆಂದು ಈ ಸಲ ಹೇಳುವುದಿಲ್ಲ. ಹೆಣ್ಣುಮಕ್ಕಳಿಬ್ಬರೂ ಅಟ್ಟದ ಬಾಗಿಲಲ್ಲಿ ನಿಂತಿದ್ದಾರೆ. ಒಬ್ಬಳು ನಾಳೆ ಸೀತ್ಸೆಯ ಕಿಟಕಿಗೆ ಹೋಗುತ್ತಾಳೆ. ಆ ವೃದ್ಧರ ಮನೆಯಲ್ಲಿ ದೀಪಕ್ಕೆ ಅನುಮತಿಯಿಲ್ಲವಂತೆ, ಬೇಸಿಗೆಯಷ್ಟು ದಿನವಾದರೂ ಇರಲಿ ಅಂದ.

ಬೀಗ ತೆಗೆದಾಗ ಕೋಲು ಬಾಗಿಲಿಗೆ ಅಡ್ಡವಾಗಿ ಬಿದ್ದಿತ್ತು. ಎತ್ತಿ ಮಂಚಕ್ಕೆ ಒರಗಿಸಿದ್ದೇನೆ. ಇನ್ನು ಕುಟ್ಟಬೇಕಾಗಿಲ್ಲ. ನೀನು ಕೇಳಿದ್ದೆಯಲ್ಲ, ಇಗೋ, ತಂದಿದ್ದೇನೆ. ಬುಡ ಹೆಬ್ಬೆರಳಿನಷ್ಟೇ ದಪ್ಪ, ಹಳೆಯವಳಲ್ಲ. ದಾರವನ್ನು ಮಾತ್ರ ಜೇಬಿನಿಂದ ತೆಗೆದು ಈಗ ಕಟ್ಟಿದೆ, ಸಡಿಲವಾಗಿ.

ನೀನಿರುವಲ್ಲಿ ನಿನ್ನ ಕಾಲುಗಳೂ ಸಡಿಲವಾಗಿರಲಿ. ಯಾರ ಕೈಯನ್ನೂ ಹಿಡಿಯದೆ ಎಷ್ಟು ಬೇಕೋ ಅಷ್ಟು ನಡೆ.

ನಿನ್ನ,
ಕಾಯುವುದನ್ನು ಈಗ ಕಲಿಯುತ್ತಿರುವ
ಡೌವೆ